ಚಿಕ್ಕಪ್ಪ ಉಜ್ಜಿದ ಚುಕ್ಕೆಗಳು

ನಮ್ಮ ಚಿಕ್ಕಪ್ಪ ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರ್ ಓದಿದ. ಯಾರ ಮನೆಯ ಮೀಟರ್ ಮೆಟ್ಟಿಲ ಕೆಳಗಿದೆ, ಯಾರದು ಹೂಕುಂಡದ ಹಿಂದಿದೆ, ಯಾರದರ ಗಾಜಿನ ಮೇಲೆ ಮಣ್ಣು ಕೂತಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಒಳಗೆ ವಾಸವಿದ್ದವರ ಬಗ್ಗೆ ಮಾತ್ರ ಏನೂ ಗೊತ್ತಿರಲಿಲ್ಲ, ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ನಿವೃತ್ತನಾದ ಮೂರನೇ ದಿನ ನಮ್ಮದೇ ಮನೆಯ ಮೀಟರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿ, ಯಾರು ಸ್ನಾನಕ್ಕೆ ಎಷ್ಟು ನೀರು ಸುರಿದರು ಎಂದು ಹೇಳತೊಡಗಿದ. ನಾಲ್ಕನೇ ದಿನ ಚಿಕ್ಕಮ್ಮ ಅವನ ಕೈಗೆ ಕೊಡೆ ಕೊಟ್ಟು, "ಎಲ್ಲಾದರೂ ಹೋಗಿ ಬನ್ನಿ" ಅಂದಳು. ಅವನು ಸ್ಮಶಾನಕ್ಕೆ ಹೋದ.

ಅಲ್ಲಿಗೇ ಯಾಕೆ ಎಂದರೆ, ಅಲ್ಲಿನ ಮೀಟರು ಅಷ್ಟೂ ವರ್ಷ ಇನ್ನೊಬ್ಬನ ಪಾಲಿಗಿತ್ತಂತೆ, ಅದೊಂದನ್ನು ತಾನು ನೋಡಿರಲಿಲ್ಲವಂತೆ. ಮೀಟರು ನೋಡಿದ್ದು ಎರಡು ನಿಮಿಷ. ಆಮೇಲೆ ಗೇಟಿನ ಪಕ್ಕದ ಕಚೇರಿಯೊಳಗೆ ಇಣುಕಿದ. ಒಂದು ಕಿಟಕಿ, ಒಂದು ಕಬ್ಬಿಣದ ಕಪಾಟು, ಅದರಲ್ಲಿ ನಲವತ್ತು ರಿಜಿಸ್ಟರು. ನಲವತ್ತೊಂದನೆಯದು ಗುಮಾಸ್ತೆಯ ಕುರ್ಚಿಯ ಮೇಲಿತ್ತು, ಅದರ ಮೇಲೆ ಗುಮಾಸ್ತೆ ಇದ್ದಳು. ಕುರ್ಚಿ ಮೇಜಿಗಿಂತ ತಗ್ಗಾಗಿತ್ತು, ಅದಕ್ಕೆ. ಒಂದೊಂದು ಸಾಲಿನಲ್ಲೂ ನಂಬರು, ತಾರೀಖು, ಹೆಸರು, ವಯಸ್ಸು, ಕಸುಬು, ಸ್ಮಶಾನದ ಎಷ್ಟನೇ ಸಾಲು, ಎಷ್ಟನೇ ಗುಂಡಿ. ಚಿಕ್ಕಪ್ಪನಿಗೆ ತವರಿಗೆ ಬಂದಷ್ಟು ಖುಷಿಯಾಯಿತು.

ಮೂರು ವರ್ಷದಲ್ಲಿ ನಮ್ಮ ವಂಶದ ಹನ್ನೊಂದು ಜನರನ್ನು ಪತ್ತೆ ಹಚ್ಚಿದ. ಊಟಕ್ಕೆ ಕೂತಾಗ, "ಮುತ್ತಜ್ಜ ಸಿಕ್ಕಿದ. ಏಳನೇ ಸಾಲು, ಇಪ್ಪತ್ತೆರಡು" ಎಂದು ಘೋಷಿಸುತ್ತಿದ್ದ. ಅವನ ಅಣ್ಣ, ಅಂದರೆ ನಮ್ಮಪ್ಪ, "ಹೇಗಿದ್ದಾರೆ?" ಎಂದು ಕೇಳಿ ಊಟ ಮುಂದುವರಿಸುತ್ತಿದ್ದ. ಬರಬರುತ್ತಾ ಬೇರೆಯವರೂ ತಮ್ಮ ಅಜ್ಜ ಅಜ್ಜಿಯರ ಹೆಸರಿನ ಚೀಟಿ ಹಿಡಿದು ಬರತೊಡಗಿದರು. ಚಿಕ್ಕಪ್ಪ ಹೆಜ್ಜೆ ಎಣಿಸಿಕೊಂಡು ಹೋಗಿ ಹುಲ್ಲಿನ ನಡುವೆ ನಿಂತು, "ಇಲ್ಲಿ" ಅನ್ನುತ್ತಿದ್ದ. ಅವರು ಅಳುವಾಗ ಪಕ್ಕಕ್ಕೆ ಸರಿದು ಮುಂದಿನ ಚೀಟಿ ಓದುತ್ತಿದ್ದ.

ಬಿಡುವಿನಲ್ಲಿ ರಿಜಿಸ್ಟರುಗಳಿಗೆ ಸೇವೆ. ಧೂಳು ಒರೆಸಿದ, ಹರಿದ ಬೆನ್ನಿಗೆ ಬಟ್ಟೆ ಅಂಟಿಸಿದ. ಕೆಲವು ನಂಬರುಗಳ ಪಕ್ಕ ಪೆನ್ಸಿಲಿನ ಚುಕ್ಕೆಗಳಿದ್ದವು. ಅಂಕಿಯ ಪಕ್ಕ ಚುಕ್ಕೆ ಇದ್ದರೆ ದಶಾಂಶವಾಗಿಬಿಡುತ್ತದೆ ಎಂಬುದನ್ನು ಮೀಟರ್ ಓದಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ರಬ್ಬರು ತಂದು ಒಂದೊಂದನ್ನೂ ಉಜ್ಜಿ, ಪುಡಿ ಊದಿ, ಹಾಳೆ ಚೊಕ್ಕ ಮಾಡಿದ.

ಅಜ್ಜಿ, ಅಂದರೆ ಅವನ ಅಮ್ಮ, ಈ ಸಂಶೋಧನೆಗೆ ಕವಡೆ ಕಿಮ್ಮತ್ತೂ ಕೊಟ್ಟಿರಲಿಲ್ಲ. ಸಿಕ್ಕವರೆಲ್ಲ ಅವಳ ಗಂಡನ ಕಡೆಯವರು. "ಬದುಕಿದ್ದಾಗ ಅವರನ್ನ ಹುಡುಕೋ ಕಷ್ಟ ಇರಲಿಲ್ಲ, ದಿನಾ ಮನೇಲೇ ಇರ್ತಿದ್ರು" ಅನ್ನುತ್ತಿದ್ದಳು. ಅವಳಿಗೆ ಎಂಬತ್ತೆಂಟು. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು, ಮೊಣಕಾಲು ಮಾತ್ರ ಕೈಕೊಟ್ಟಿತ್ತು. ಒಂದು ಮಧ್ಯಾಹ್ನ ಬಟಾಣಿ ಬಿಡಿಸುತ್ತಾ ಕೂತವಳು ತಲೆ ಎತ್ತದೆ ಹೇಳಿದಳು: "ಇಷ್ಟು ಜನರನ್ನ ಹುಡುಕಿದೀಯ. ನನ್ನ ಮೊದಲನೇದನ್ನ ಹುಡುಕಿಕೊಡು."

"ಮೊದಲನೇದು ಅಣ್ಣ ತಾನೆ? ಅಲ್ಲೇ ಪೇಪರ್ ಓದ್ತಿದಾನಲ್ಲ" ಅಂದ ಚಿಕ್ಕಪ್ಪ.

"ಅವನು ಎರಡನೇದು."

ಅಪ್ಪ ಪೇಪರ್ ಕೆಳಗಿಟ್ಟ. ಅರವತ್ತಾರು ವರ್ಷ ಹಿರಿಯ ಮಗನೆಂದು ಮೆರೆದ ಮನುಷ್ಯ, ಒಂದು ಮಾತಿಗೆ ಸ್ಥಾನ ಕಳೆದುಕೊಂಡು ಕೂತ.

ಅಜ್ಜಿ ಬಟಾಣಿ ಬಿಡಿಸುತ್ತಲೇ ಹೇಳಿದಳು. ಅವಳಿಗೆ ಆಗ ಹತ್ತೊಂಬತ್ತು. ಹೆಣ್ಣು ಮಗು, ಹುಟ್ಟಿದಾಗಲೇ ಉಸಿರಿರಲಿಲ್ಲ. ಆಸ್ಪತ್ರೆಯ ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ಅಜ್ಜನ ಕೈಗೆ ಕೊಟ್ಟಳು. ಅಜ್ಜ ಸಂಜೆ ಖಾಲಿ ಕೈಯಲ್ಲಿ ಬಂದ, ಚಪ್ಪಲಿಗೆ ಮಣ್ಣು ಮೆತ್ತಿತ್ತು. ಎಲ್ಲಿ ಎಂದು ಕೇಳಿದರೆ, "ಎಲ್ಲ ಆಯ್ತು, ನೀನು ಮಲಗು" ಅಂದ. ಒಂದು ವರ್ಷ ಬಿಟ್ಟು ಇನ್ನೊಮ್ಮೆ ಕೇಳಿದಾಗ ಎದ್ದು ಹೊರಗೆ ಹೋದ. ಮೂರನೇ ಸಲ ಅಜ್ಜಿ ಕೇಳಲಿಲ್ಲ, ಅಜ್ಜ ಹೇಳದೆಯೇ ಸತ್ತ.

"ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ನೀನು ನೂರು ವರ್ಷದ ಹಿಂದೆ ಹೋದೋರನ್ನೂ ಹುಡುಕಿ ತೆಗೀತೀಯಲ್ಲ. ಅದು ಎಲ್ಲಿದೆ ಅಂತ ತಿಳ್ಕೊಂಡು ಸಾಯ್ತೀನಿ. ಇನ್ನೇನೂ ಬೇಡ."

ಚಿಕ್ಕಪ್ಪ ಜೇಬಿನಿಂದ ಪೆನ್ನು ತೆಗೆದು ತಾರೀಖು ಕೇಳಿದ. ಅಜ್ಜಿ ತಾರೀಖು, ವಾರ, ಗಂಟೆ ಹೇಳಿದಳು. ಆ ನರ್ಸಿನ ಕೋಟಿಗೆ ಒಂದು ಗುಂಡಿ ಇರಲಿಲ್ಲ ಎಂದೂ ಹೇಳಿದಳು. ಚಿಕ್ಕಪ್ಪ ಅದನ್ನೂ ಬರೆದುಕೊಂಡ.

ರಿಜಿಸ್ಟರಿನಲ್ಲಿ ಆ ದಿನ ಮಗುವಿರಲಿಲ್ಲ. ಆ ತಿಂಗಳಲ್ಲೂ ಇರಲಿಲ್ಲ, ಮುಂದಿನ ತಿಂಗಳಲ್ಲೂ ಇರಲಿಲ್ಲ. ನಾಲ್ಕನೇ ದಿನ ಗುಮಾಸ್ತೆಗೆ ಪಾಪ ಅನ್ನಿಸಿ, "ಉಸಿರಾಡದೆ ಹುಟ್ಟಿದ್ದಕ್ಕೆ ಆಗೆಲ್ಲ ನಂಬರ್ ಕೊಡ್ತಿರಲಿಲ್ಲ ಸಾರ್. ಮೊದಲು ಇಲ್ಲಿ ಗುಂಡಿ ತೋಡ್ತಿದ್ದ ತಾತ ಒಬ್ರು ಇದಾರೆ, ಅವರನ್ನ ಕೇಳಿ" ಅಂದಳು.

ತಾತ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮಗಳ ಜೊತೆ ಇದ್ದ. ನಾನೂ ಜೊತೆಗೆ ಹೋಗಿದ್ದೆ. ಅವನು ಬನಿಯನ್ನಿನಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದ, ನಾವು ಬಂದೆವೆಂದು ನಿಲ್ಲಿಸಲಿಲ್ಲ.

"ಅಂಥ ಕೂಸಿಗೆ ಬೇರೆ ಗುಂಡಿ ತೋಡ್ತಿರಲಿಲ್ಲಮ್ಮ" ಅಂದ ನನಗೆ. "ಆವತ್ತು ಯಾರದು ತೆಗೆದಿರ್ತಿತ್ತೋ ಅವರ ಎಡ ಮಗ್ಗುಲಲ್ಲಿ ಮಲಗಿಸ್ತಿದ್ವಿ. ಕೂಸನ್ನ ಒಂಟಿಯಾಗಿ ಬಿಡಬಾರದು ಅಂತ ನಮ್ಮಪ್ಪ ಮಾಡಿದ್ದ ಕ್ರಮ. ಪುಸ್ತಕದಲ್ಲಿ ಬರೆಯೋ ಹಾಗಿರಲಿಲ್ಲ. ಅದಕ್ಕೆ ನಂಬರಿನ ಪಕ್ಕ ಪೆನ್ಸಿಲಲ್ಲಿ ಒಂದು ಚುಕ್ಕೆ ಇಡ್ತಿದ್ವಿ."

ಚಿಕ್ಕಪ್ಪನ ರಬ್ಬರು ಮೊದಲ ರಿಜಿಸ್ಟರಿನಿಂದ ಹತ್ತೊಂಬತ್ತನೆಯದರವರೆಗೆ ಓಡಾಡಿತ್ತು. ಅಜ್ಜಿಯ ಮಗುವಿನ ವರ್ಷ ಇದ್ದದ್ದು ಹದಿನಾರರಲ್ಲಿ.

ಮನೆಗೆ ಬರುವಾಗ ಚಿಕ್ಕಪ್ಪ ನಮ್ಮ ಬೀದಿಯ ತಿರುವಿನಲ್ಲಿ ನಿಂತು, "ಒಂದೊಂದು ಚುಕ್ಕೆ ಒಂದೊಂದು ಕೂಸು ಕಣೆ" ಅಂದ. "ನಾನು ಉಜ್ಜಿ, ಉಫ್ ಅಂತ ಊದಿಬಿಟ್ಟೆ." ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆ ಮುಖ ನೋಡಿದ ಮೇಲೆ ಬಯ್ಯಲು ಮನಸ್ಸಾಗಲಿಲ್ಲ.

ಮರುದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಚಿಕ್ಕಪ್ಪ ಹದಿನಾರನೇ ರಿಜಿಸ್ಟರನ್ನು ಕಿಟಕಿಗೆ ಒಯ್ದು, ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದ. ಮಣ್ಣು ಮುಚ್ಚಿದ ಗಾಜಿನ ಹಿಂದೆ ಅಂಕಿ ಹುಡುಕಿ ಪಳಗಿದ ಕಣ್ಣು. ಆ ದಿನ ಮೂವರು, ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಗುಂಡಿ ತೋಡುವವರ ಕೈ ಪೆನ್ಸಿಲನ್ನೂ ಒತ್ತಿಯೇ ಹಿಡಿದಿತ್ತು. ಹೆಂಗಸಿನ ನಂಬರಿನ ಪಕ್ಕ ಒಂದು ಸಣ್ಣ ತಗ್ಗು ಉಳಿದಿತ್ತು. ಚಿಕ್ಕಪ್ಪ ಅದರ ಮೇಲೆ ಬೆರಳಿಟ್ಟು ನೋಡಿದ, ನನ್ನ ಬೆರಳನ್ನೂ ಇಡಿಸಿದ, ಗುಮಾಸ್ತೆಯನ್ನೂ ಕರೆದು ಇಡಿಸಿದ. ವಯಸ್ಸು ಐವತ್ತೆಂಟು, ಕಸುಬು ಲಾಂಡ್ರಿ. ಒಂಬತ್ತನೇ ಸಾಲು, ಹದಿನಾಲ್ಕು.

ಅಜ್ಜಿಗೆ ಮೊದಲು ರಬ್ಬರಿನ ವಿಷಯ ಹೇಳಿ ತಪ್ಪೊಪ್ಪಿಕೊಂಡ, ಆಮೇಲೆ ಲಾಂಡ್ರಿ ಹೆಂಗಸಿನ ವಿಷಯ, ಸಾಲು, ನಂಬರು ಹೇಳಿದ. ಅಜ್ಜಿ, "ಅವಳು ಯಾರು? ಎಂಥವಳು?" ಅಂದಳು.

"ರಿಜಿಸ್ಟರಿನಲ್ಲಿ ಗುಣಕ್ಕೆ ಕಾಲಂ ಇಲ್ಲಮ್ಮ."

"ಹಾಗಾದ್ರೆ ಹೋಗಿ ಕೇಳ್ಕೊಂಡು ಬಾ. ಗುರುತಿಲ್ಲದೋರ ಹತ್ರ ಮಗು ಬಿಟ್ಟಿದೀನಿ, ಎಂಥವರು ಅಂತ ವಿಚಾರಿಸಬೇಡವಾ?"

ಮೂವತ್ತನಾಲ್ಕು ವರ್ಷ ಬಾಗಿಲಲ್ಲೇ ನಿಂತು ವಾಪಸಾದ ಮನುಷ್ಯ ಮೊದಲ ಸಲ ಮನೆಗಳ ಒಳಗೆ ಹೋಗಿ ಕೂತು ಜನರ ವಿಷಯ ಕೇಳಿದ. ಐದು ದಿನವಾದ ಮೇಲೆ ಒಬ್ಬ ಮುದುಕ ದರ್ಜಿ ಸಿಕ್ಕ. ಲಾಂಡ್ರಿಯ ಪಕ್ಕದ ಅಂಗಡಿಯಲ್ಲಿ ಹೊಲಿಗೆ ಕಲಿತವನಂತೆ.

"ಅಯ್ಯೋ, ಆಕೆಯಾ! ಮಹಾ ಗಯ್ಯಾಳಿ" ಅಂದ ದರ್ಜಿ. "ಬಾಯಿ ತೆಗೆದ್ರೆ ಬೀದಿ ಖಾಲಿ. ಅಂಗಡಿ ಖಾಲಿ ಮಾಡಿ ಅಂತ ನೋಟಿಸು ತಂದವನನ್ನ ಕಾದ ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಓಡಿಸಿದ್ಲು. ಗಂಡ ಇಲ್ಲ, ಮಕ್ಕಳಿಲ್ಲ, ಯಾರಿಗೂ ಜಗ್ಗುತ್ತಿರಲಿಲ್ಲ. ಸತ್ತಾಗ ಯಾರೂ ಅಳಲಿಲ್ಲ. ಆದ್ರೆ ಬೀದಿ ಬಿಕೋ ಅಂತಿತ್ತು, ಸುಳ್ಳು ಹೇಳಬಾರದು."

ಹೊರಗೆ ಬಂದ ಮೇಲೆ ನಾನು, "ಚಿಕ್ಕಪ್ಪ, ಅಜ್ಜಿಗೆ ಸಾಧು ಹೆಂಗಸು ಅಂತ ಹೇಳಿಬಿಡು, ಯಾರ ಗಂಟು ಹೋಗುತ್ತೆ?" ಅಂದೆ. ಅವನಿಗೆ ಸರಿಬರಲಿಲ್ಲ. ಮೀಟರ್ ಏನು ತೋರಿಸುತ್ತದೋ ಅದನ್ನೇ ಬರೆಯಬೇಕಂತೆ. ಅಜ್ಜಿಯ ಮುಂದೆ ಗೋಡೆ ನೋಡುತ್ತಾ ನಿಂತು, ಇಸ್ತ್ರಿಪೆಟ್ಟಿಗೆಯನ್ನೂ ಬಿಡದೆ ಒಪ್ಪಿಸಿದ.

"ಬಾಯಿ ಜೋರಾ?" ಅಂದಳು ಅಜ್ಜಿ.

"ತುಂಬಾ ಜೋರಂತೆ."

"ಒಳ್ಳೇದಾಯ್ತು ಬಿಡು" ಅಂದಳು. ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ. "ನಿಮ್ಮಪ್ಪ ಬಾಯಿಲ್ಲದ ಮನುಷ್ಯ, ನನಗೂ ಆಗ ಬಾಯಿರಲಿಲ್ಲ. ಇವಳ ಪಕ್ಕದಲ್ಲಿದ್ರೆ ಮಗು ತಂಟೆಗೆ ಯಾರು ಬರ್ತಾರೆ?"

ಅಜ್ಜಿಯ ಮೊಣಕಾಲು ಒಪ್ಪಲು ಎರಡು ವಾರ ಬೇಕಾಯಿತು. ಆ ಎರಡು ವಾರ ಚಿಕ್ಕಪ್ಪ ಕಿಟಕಿಯ ಬಳಿ ಕೂತು, ಹಾಳೆಗಳನ್ನು ಬಿಸಿಲಿಗೆ ಹಿಡಿದು, ತಗ್ಗು ಕಂಡಲ್ಲೆಲ್ಲ ಹೊಸ ಪೆನ್ಸಿಲಿನಿಂದ ಚುಕ್ಕೆ ಇಟ್ಟ. ಇನ್ನೂ ಇಡುತ್ತಿದ್ದಾನೆ, ಆರನೇ ರಿಜಿಸ್ಟರಿನಲ್ಲಿದ್ದಾನೆ. ತಗ್ಗೂ ಉಳಿಯದವು ಎಷ್ಟಿವೆಯೋ ಎಂದು ಮಧ್ಯೆ ಮಧ್ಯೆ ಕೇಳುತ್ತಾನೆ.

ಒಂಬತ್ತನೇ ಸಾಲಿನವರೆಗೆ ಅಜ್ಜಿಯನ್ನು ನಾನೂ ಅಪ್ಪನೂ ಹಿಡಿದುಕೊಂಡು ನಡೆಸಿದೆವು. ಚಿಕ್ಕಪ್ಪ ಮುಂದೆ ಸ್ಟೂಲು ಹೊತ್ತುಕೊಂಡು, ಹೆಜ್ಜೆ ಎಣಿಸಿಕೊಂಡು ಹೋಗಿ, "ಇಲ್ಲಿ" ಅಂದ. ಕಲ್ಲಿಲ್ಲ, ಹೆಸರಿಲ್ಲ, ಮೊಣಕಾಲೆತ್ತರ ಹುಲ್ಲು.

"ಯಾವ ಮಗ್ಗುಲು ಅಂದ್ರು?"

"ಎಡ."

ಅಜ್ಜಿ ಸ್ಟೂಲನ್ನು ಎಡಕ್ಕೆ ಹಾಕಿಸಿಕೊಂಡು ಕೂತು, ಬಗ್ಗಿ ಹುಲ್ಲಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಆ ಲಾಂಡ್ರಿಯ ಹೆಂಗಸಿನ ಜೊತೆ ಮಾತಾಡಿದಳು.

"ನೋಡಮ್ಮ, ನಾನು ಹೊತ್ತಿದ್ದು ಒಂಬತ್ತು ತಿಂಗಳು. ನೀನು ಅರವತ್ತೊಂಬತ್ತು ವರ್ಷ ಪಕ್ಕದಲ್ಲಿ ಇಟ್ಕೊಂಡಿದೀಯ. ವಾಪಸ್ ಕೇಳೋಕೆ ಬಂದಿಲ್ಲ. ಅಮ್ಮ ಬಂದಿದ್ಲು ಅಂತ ಅವಳಿಗೆ ಹೇಳು, ಅಷ್ಟು ಸಾಕು."

ಜನ ಅಳುವಾಗ ಪಕ್ಕಕ್ಕೆ ಸರಿಯುವುದು ಚಿಕ್ಕಪ್ಪನ ರೂಢಿ. ಅವತ್ತು ಸರಿಯಲಿಲ್ಲ. ಅಜ್ಜಿಯ ಪಕ್ಕ ಹುಲ್ಲಿನಲ್ಲೇ ಕೂತು, ಅರವತ್ತಮೂರು ವರ್ಷದ ಮನುಷ್ಯ, ಮೂಗು ಒರೆಸಿಕೊಳ್ಳುತ್ತಾ ಅಂದ: "ತಮ್ಮನೂ ಬಂದಿದ್ದ ಅಂತ ಹೇಳಿ."