ಲಿವರ್‌ಮೋರ್ ಸೆಕೆಗೆ ಒಗ್ಗುವ ಬಿಯರ್ ಪುಸ್ತಕ

ಲಿವರ್‌ಮೋರ್‌ಗೆ ಬಂದ ಮೊದಲ ವಾರ, ಪಕ್ಕದ ಮನೆಯ ಗ್ಯಾರೇಜಿನಿಂದ ಗಂಜಿಯ ವಾಸನೆ ಬಂತು. ಇಣುಕಿದರೆ ಬಿಳಿಗಡ್ಡದ ಹಿರಿಯರೊಬ್ಬರು ಸ್ನಾನದ ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ಹಾಕಿ ತಿರುವುತ್ತಿದ್ದರು. ಬಿಯರ್ ಮಾಡುತ್ತಿದ್ದೇನೆ ಎಂದರು, ಉಪ್ಪಿನಕಾಯಿ ಹಾಕುತ್ತಿದ್ದೇನೆ ಎನ್ನುವಷ್ಟು ಸಹಜವಾಗಿ.

ನಾನು ಕೊಡಗಿನವಳು. ಮಡಿಕೇರಿಯಲ್ಲಿ ಅವ್ವ ದ್ರಾಕ್ಷಿ, ನೆಲ್ಲಿಕಾಯಿ ವೈನ್ ಮಾಡುತ್ತಿದ್ದಳು. ಮನೆಯಲ್ಲಿ ಹುದುಗು ಬರಿಸುವುದು ನನಗೆ ಹೊಸದಲ್ಲ. ಗಂಡಸೊಬ್ಬ ಒಂಟಿಯಾಗಿ ನಿಂತು ಮಾಡುವುದು ಹೊಸದು. ಅವರು ಫ್ರ್ಯಾಂಕ್. ಹೆಸರು ಹಿಡಿದೇ ಕರೆಯಬೇಕೆಂದರು. ಎಪ್ಪತ್ತು ದಾಟಿದವರನ್ನು ಹಾಗೆ ಕರೆಯಲು ನಾಲಿಗೆ ಏಳದೆ ಎಷ್ಟೋ ತಿಂಗಳು "ಎಕ್ಸ್‌ಕ್ಯೂಸ್ ಮಿ" ಎಂದೇ ಕಾಲ ತಳ್ಳಿದೆ. ಗಂಡ ಸಾಂಟಾ ಕ್ಲಾರಾದ ಆಫೀಸಿಗೆ ಹೊರಟರೆ, ಕಾರು ಓಡಿಸಲು ಬಾರದ ನನಗೆ ಮಾತಿಗೆ ಸಿಗುತ್ತಿದ್ದವರು ಅವರೊಬ್ಬರೇ.

ನಾನೂ ಮಾಡೋಣವೆಂದು ಚಂದದ ಫೋಟೋಗಳಿದ್ದ ಪುಸ್ತಕ ಕೊಂಡೆ. ಯೀಸ್ಟು ಬೆರೆಸಿ ತಂಪಾದ ಮೂಲೆಯಲ್ಲಿಡಿ ಎಂದಿತ್ತು, ಇಟ್ಟೆ. ಜುಲೈ ತಿಂಗಳು. ಮಡಿಕೇರಿಯಲ್ಲಾದರೆ ಕಂಬಳಿ ಹೊದೆಯುವ ಕಾಲ. ಇಲ್ಲಿ ಗ್ಯಾರೇಜಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಆ ಸೆಕೆಗೆ ಬಿಯರ್ ಕೆಟ್ಟು ನೈಲ್‌ಪಾಲಿಶ್ ವಾಸನೆ ಬಂತು. ಇದನ್ನೆಲ್ಲ ಯಾರಾದರೂ ಪುಸ್ತಕ ನೋಡಿ ಮಾಡುತ್ತಾರಾ ಎಂದು ಅವ್ವ ಫೋನಿನಲ್ಲಿ ನಕ್ಕಳು. ಆದರೆ ಅವಳ ಕೈಯಳತೆ ಅಲ್ಲಿನ ಚಳಿಯಲ್ಲಿ ಪಳಗಿದ್ದು. ಇಲ್ಲಿಗೆ ಅದು ಹೊಂದುವಂತಿರಲಿಲ್ಲ.

ಫ್ರ್ಯಾಂಕ್ ಆ ಕೆಟ್ಟ ಬಿಯರಿನ ಒಂದು ಗುಟುಕನ್ನು ಉಗುಳದೆ ನುಂಗಿದರು. ಮರುದಿನ ಹಳೆ ಪುಸ್ತಕದಂಗಡಿಗೆ ಕರೆದೊಯ್ದರು. ನಾನು ರೆಸಿಪಿಗಳನ್ನು ತಿರುವುತ್ತಿದ್ದರೆ ಕೊನೆಯ ಪುಟಗಳನ್ನು ಮೊದಲು ಓದು ಎಂದರು.

"ಏನೇನು ಕೆಡುತ್ತೆ ಅಂತ ಬರೆದಿದ್ದಾನಾ ನೋಡು. ತಾನೇ ಕೆಡಿಸಿಕೊಂಡವನು ಬರೆದ ಪುಸ್ತಕ ತಗೋ."

ಕೊನೆಗೆ ಸಿಕ್ಕ ಅಂಥ ಪುಸ್ತಕದಲ್ಲಿ ಒಂದೂ ಚಿತ್ರವಿರಲಿಲ್ಲ. ತಂಪು ಎಂದರೆ ಎಷ್ಟು, ತಂಪಿಲ್ಲದ ಊರಿನವರು ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತುವುದು ಹೇಗೆ, ಎಲ್ಲ ಇತ್ತು. ಓದುತ್ತ ಓದುತ್ತ, ಬರೆದವನೂ ಎಲ್ಲಿಂದಲೋ ಸೆಕೆಯ ಊರಿಗೆ ಬಂದು ಪೇಚಾಡಿದವನೇ ಇರಬೇಕು ಅನ್ನಿಸಿತು. ಆ ಸಲದ ಬಿಯರ್ ತಿಳಿಯಾಗಿ, ಹದವಾದ ಕಹಿಯಲ್ಲಿ ಬಂತು. ಫ್ರ್ಯಾಂಕ್ ಇನ್ನೊಂದು ಗ್ಲಾಸು ಕೇಳಿದರು.

ಹೋದ ವರ್ಷ ಮೊಣಕಾಲು ಕೈಕೊಟ್ಟು ಅವರು ಮಗಳ ಊರು ಒರೆಗಾನ್‌ಗೆ ಹೊರಟರು. ರಸ್ತೆಯಲ್ಲಿ ನಿಂತು ಕೈಬೀಸಿದವಳು ನಾನು. ಅಲ್ಲಿಯವರೆಗೆ ಬಿಟ್ಟು ಬರುವುದಷ್ಟೇ ನನಗೆ ಗೊತ್ತಿತ್ತು. ಹೋದವರ ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ಏನೆಂದು ಅಂದು ತಿಳಿಯಿತು. ಅವ್ವನಿಗೆ ಫೋನು ಮಾಡಿ ಅತ್ತೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ನಿಮ್ಮೂರಿಂದ ಇತ್ತ ಯಾವಾಗ ಬರ್ತೀಯ?" ಎಂದಳು.

ಲಿವರ್‌ಮೋರನ್ನು ಅವಳು ನಿಮ್ಮೂರು ಎಂದದ್ದು ಅದೇ ಮೊದಲು. ಎದೆ ಚುಳ್ಳೆಂದಿತು. ಆದರೂ ತಿದ್ದಬೇಕೆನ್ನಿಸಲಿಲ್ಲ.