ಎರಡು ಬಾಟಲಿ ಎಣ್ಣೆ, ಒಂದೇ ಕೈ

ಬಾಗಲಕೋಟೆಯ ಈ ಬಾಡಿಗೆ ಕೋಣೆಯ ಕೆಳಗೆ ಯಾರೋ ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿದ್ದಾರೆ. ಉಳಿದವರಿಗೆ ಅದು ಒಗ್ಗರಣೆ. ನನಗೆ ಇಳಕಲ್ಲಿನ ನಮ್ಮ ಓಣಿ, ಪಕ್ಕದ ಮನೆಯ ಕಟ್ಟೆ, ಅಲ್ಲಿ ಕೂತ ಮುದುಕಿ, ಓಣಿಗೆಲ್ಲ ಆಯಿ...

ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ತುಳಿಯುವ ನೇಕಾರರು ಸಂಜೆ ಆ ಕಟ್ಟೆಗೆ ಬರುತ್ತಿದ್ದರು. ಲಕ್ಕಿ ಸೊಪ್ಪು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬಿ ಎಣ್ಣೆಯಿಂದ ಆಯಿ ಅವರ ಮೊಣಕಾಲು ತಿಕ್ಕುತ್ತಿದ್ದಳು. ಒಬ್ಬಂಟಿ ಹೆಂಗಸು. ಆ ಒಂದು ತಾಸು ಮಾತ್ರ ಅವಳ ಮನೆ ತುಂಬಿರುತ್ತಿತ್ತು.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೆಟ್ಟಿದ್ದೆ. "ಆರಾಮಾದವ್ರು ಬಂದು ಹೇಳ್ತಾರ ಆಯಿ, ಆಗದವ್ರು ಬರೋದ ಬಿಡ್ತಾರ. ನೀ ಬಂದವ್ರನ್ನಷ್ಟ ಎಣಸ್ತಿ" ಎಂದೆ.

"ಏ ವಕೀಲವ್ವ, ಹಂಗಾರ ನೀನ ಪರೀಕ್ಷಾ ಮಾಡು."

ಮಾಡಿದೆ. ಒಂದು ಬಾಟಲಿಯಲ್ಲಿ ಸೊಪ್ಪಿನ ಎಣ್ಣೆ, ಇನ್ನೊಂದರಲ್ಲಿ ಸೊಪ್ಪಿಲ್ಲದ್ದು. ವಾಸನೆಯಿಂದ ಗುರುತು ಸಿಗಬಾರದೆಂದು ಎರಡಕ್ಕೂ ಧಾರಾಳ ಬೆಳ್ಳುಳ್ಳಿ. ಯಾವುದು ಯಾವುದೆಂದು ತಿಕ್ಕುವ ಆಯಿಗೂ ಗೊತ್ತಿಲ್ಲ, ತಿಕ್ಕಿಸಿಕೊಳ್ಳುವವರಿಗೂ ಇಲ್ಲ. ಎಲ್ಲರಿಗೂ ತಿಳಿಸಿಯೇ ಚೀಟಿ ಎತ್ತಿಸಿದೆ. ಯಾರಿಗೆ ಯಾವ ಬಾಟಲಿ ಎಂಬುದು ಚೀಟಿಗೆ ಬಿಟ್ಟದ್ದು. "ಮೊಣಕಾಲಿಗೂ ಲಾಟರಿ ಬಂತಲೇ!" ಎಂದು ಮುದಿ ನೇಕಾರನೊಬ್ಬ ನಕ್ಕ.

ತಿಂಗಳ ಮೇಲೆ ನೋಡಿದರೆ ನೋವು ಎರಡೂ ಗುಂಪಿನಲ್ಲಿ ಒಂದೇ ಸಮ ಇಳಿದಿತ್ತು. "ನಿನ್ನ ಸೊಪ್ಪಿನ್ಯಾಗ ಏನೂ ಇಲ್ಲ ಆಯಿ." ಗೆದ್ದ ದನಿಯಲ್ಲೇ ಹೇಳಿದೆ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, "ಹಂಗಾರ ಇಷ್ಟ ವರ್ಷ ಮಂದಿಗೆ ಸುಳ್ಳ ಹೇಳಿದ್ನೇನವ್ವಾ?" ಎಂದಳು. ಮರುದಿನ ಬಂದವರನ್ನು "ದವಾಖಾನಿಗೆ ಹೋಗ್ರಿ" ಎಂದು ತಾನೇ ತಿರುಗಿ ಕಳಿಸಿದಳು. ವಾರದೊಳಗೆ ಕಟ್ಟೆ ಖಾಲಿ. ಸಂಜೆ ಒಬ್ಬಳೇ ಕೂತಿರುತ್ತಿದ್ದಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು...

ಮುಂದಿನ ಓದಿಗೆ ಬಾಗಲಕೋಟೆಗೆ ಬಂದ ಮೇಲೆ, ಸಂಶೋಧನೆಯ ವಿಧಾನ ಕಲಿಸುವ ತರಗತಿಯಲ್ಲಿ ನನ್ನ ತಪ್ಪು ಸಿಕ್ಕಿತು. ಸೊಪ್ಪಿನಲ್ಲಿ ಏನೂ ಇಲ್ಲವೆಂದು ಈಗಲೂ ವಾದಿಸಬಲ್ಲೆ. ಆದರೆ ಎರಡೂ ಗುಂಪನ್ನು ತಿಕ್ಕಿದ್ದು ಅದೇ ಕೈ, "ಊಟ ಆತೇನು?" ಎಂದು ಕೇಳಿದ್ದು ಅದೇ ಬಾಯಿ. ಯಾರೂ ಮುಟ್ಟದ ಮೂರನೆಯ ಗುಂಪೊಂದು ಬೇಕಿತ್ತು. ನೋವು ತಾನಾಗಿಯೇ ಇಳಿದಿತ್ತೋ, ಆ ಕೈಯಿಂದ ಇಳಿದಿತ್ತೋ, ನಾನು ಕೇಳಲೇ ಇಲ್ಲ.

ಇದನ್ನು ಅವಳಿಗೆ ಹೇಳಬೇಕಿತ್ತು. ನಾನೇ ತಪ್ಪಿದೆ ಎಂದು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ರಜೆಗೆ ಹೋದಾಗ ಹೇಳಿದರಾಯಿತು ಎಂದುಕೊಂಡೆ. ರಜೆಗೆ ಮೊದಲೇ ಆಯಿ ಹೋದಳು.

ಕೆಳಗಿನ ಒಗ್ಗರಣೆ ವಾಸನೆ ಆರುತ್ತಿದೆ. ಸ್ಕೂಟಿಯಿಂದ ಬಿದ್ದಾಗಿನಿಂದ ನನ್ನ ಮೊಣಕಾಲೂ ನೋಯುತ್ತದೆ. ಮೊನ್ನೆ ಎಣ್ಣೆ ಕಾಯಿಸಿ ನಾನೇ ತಿಕ್ಕಿಕೊಂಡೆ. ನೋವು ಇಳಿಯಲಿಲ್ಲ. ಒಂದು ಮೊಣಕಾಲಿನಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು... "ಊಟ ಆತೇನವ್ವಾ?" ಎಂದು ಗಟ್ಟಿಯಾಗಿ ಕೇಳಿಯೂ ನೋಡಿದೆ. ಕೋಣೆಯಲ್ಲಿ ನನ್ನದೇ ದನಿ.