ಪಾವರ್ತಮ್ಮ ಮತ್ತೆ ಪಾರ್ವತಮ್ಮನಾದದ್ದು

2008, ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ವರ್ಷ. ನಾನಾಗ ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್. ದಾಖಲೆಗಳನ್ನು ಜೋಡಿಸಿಟ್ಟು, ಕೇಳಿದೊಡನೆ ಹುಡುಕಿಕೊಡುವ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸ. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಗೂಡಿನಿಂದ ರೇಷ್ಮೆ ತೆಗೆಯುವ ರೀಲರುಗಳ ಸಂಘದ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಲು ನನ್ನನ್ನು ಕಳಿಸಿದರು.

ಭಾನುವಾರ ಬ್ಯಾಕಪ್ ತೆಗೆದೆ. ಹಳೆಯ ಫಾಂಟಿನಲ್ಲಿದ್ದ ಹೆಸರುಗಳನ್ನು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಿಸಿ ಹೊಸದಕ್ಕೆ ತುಂಬಿದೆ. ಹಳೆಯದರಲ್ಲಿ ಎಷ್ಟು ಸದಸ್ಯರಿದ್ದರೋ ಹೊಸದರಲ್ಲೂ ಅಷ್ಟೇ ಜನ. ನೆಮ್ಮದಿಯಾಗಿ ಬಸ್ಸು ಹತ್ತಿದೆ.

ಸೋಮವಾರ ಹನ್ನೊಂದಕ್ಕೆ ಸಂಘದ ಚುನಾವಣೆ, ಬೆಳಿಗ್ಗೆಯೇ ನಾನು ಮತ್ತೆ ಅಲ್ಲಿಗೆ ಬಂದಿದ್ದೆ. ಕಂಪ್ಯೂಟರಿನಲ್ಲಿ ಹೆಸರು ಸಿಕ್ಕವರಿಗಷ್ಟೇ ಮತಪತ್ರ. ಒಂಬತ್ತೂವರೆಗೇ ಬಂದ ಪಾರ್ವತಮ್ಮ ಸ್ವತಃ ಅಭ್ಯರ್ಥಿ. ಸಂಘದಲ್ಲಿ ಚುನಾವಣೆಗೆ ನಿಂತ ಮೊದಲ ಹೆಂಗಸು. ಅವರ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರ ಹಿಂದಿದ್ದ ಅರ್ಜುನಪ್ಪನವರದೂ ಇಲ್ಲ.

ಹಳೆಯದಕ್ಕೇ ವಾಪಸ್ ಹೋಗೋಣ ಎಂದರು ಕಾರ್ಯದರ್ಶಿ. ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ಕೂರಿಸಲು ಮೂರು ಗಂಟೆ ಬೇಕು, ಅಷ್ಟರಲ್ಲಿ ಚುನಾವಣೆ ಮುಂದಕ್ಕೆ ಹೋಗುತ್ತದೆ ಎಂದೆ. ಪಾರ್ವತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು.

ಆ ಹೆಸರುಗಳನ್ನೆಲ್ಲ ವರ್ಷಗಟ್ಟಲೆ ಟೈಪು ಮಾಡಿದ್ದ ಗುಮಾಸ್ತೆ ಗೌರಮ್ಮ ಹೊಸ ಪಟ್ಟಿಯನ್ನು ಪೂರ್ತಿ ತೆರೆಯಲು ಹೇಳಿದರು. ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದವರು ನಗತೊಡಗಿದರು. ಅಲ್ಲಿದ್ದದ್ದು ಪಾವರ್ತಮ್ಮ, ಅಜುರ್ನಪ್ಪ, ಸವರ್ಮಂಗಳ.

"ಯಾರೂ ಎಲ್ಲೂ ಹೋಗಿಲ್ಲ ಕಣಮ್ಮ. ಅರ್ಕಾವತ್ತು ಇರೋರೆಲ್ಲ ತಿರುಗಾ ಮುರುಗಾ ಆಗವ್ರೆ. ನಾವು ಅಕ್ಷರ ಒತ್ತಿ ಆಮೇಲೆ ಅರ್ಕಾವತ್ತು ಒತ್ತುತಿದ್ವಿ."

ಅಲ್ಲಿಗೆ ಎಲ್ಲ ತಿಳಿಯಿತು. ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಬರುವ ಅರ್ಕಾವತ್ತು ಯೂನಿಕೋಡಿನಲ್ಲಿ 'ರ್' ಆಗಿ ಮುಂಚೆ ಬರಬೇಕು. ನನ್ನ ಪ್ರೋಗ್ರಾಂ ಅದನ್ನು ಇದ್ದಲ್ಲೇ ಬಿಟ್ಟಿತ್ತು. ನಾಲ್ಕು ಸಾಲು ತಿದ್ದಿ, ಮೊದಲು ನಕಲಿನ ಮೇಲೆ ಓಡಿಸಿ, ಆಮೇಲೆ ನಿಜವಾದದ್ದರ ಮೇಲೆ ಓಡಿಸಿದೆ. ಹತ್ತು ಮುಕ್ಕಾಲಿಗೆ ಗೌರಮ್ಮ ಮತ್ತೆ ಹುಡುಕಿದರು. ಪಾರ್ವತಮ್ಮ, ಇದ್ದಂತೆಯೇ.

ಅರ್ಜುನಪ್ಪನವರು ಮಾತ್ರ ತಮ್ಮ ಹೆಸರು ಸರಿಯಾಗುವ ಮೊದಲು ಹೇಗಿತ್ತೆಂದು ಕೇಳಿ ತಿಳಿದುಕೊಂಡು, ಸಾಲಿನಲ್ಲಿದ್ದವರಿಗೆಲ್ಲ ಹೇಳಿ ನಗಿಸಿದರು. ಸಂಜೆ ಪಾರ್ವತಮ್ಮ ಗೆದ್ದರು. ತಟ್ಟೆ ತುಂಬ ಮೈಸೂರು ಪಾಕು ಹಿಡಿದು ಬಂದು, ಮೊದಲ ತುಂಡನ್ನು ಗೌರಮ್ಮನ ಬಾಯಿಗಿಟ್ಟರು, ಎರಡನೆಯದನ್ನು ನನಗೆ.

ಅಂದಿನಿಂದ ನಿವೃತ್ತಿಯವರೆಗೂ, ಲೆಕ್ಕ ತಾಳೆಯಾದ ಮಾತ್ರಕ್ಕೆ ಅಪ್‌ಗ್ರೇಡ್ ಮುಗಿಯಿತೆಂದು ನಾನು ಸಹಿ ಹಾಕಲಿಲ್ಲ. ಆ ದಾಖಲೆಗಳನ್ನು ದಿನವೂ ಬಳಸುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಟ್ಟಿಯಾಗಿ ಓದಿಸುತ್ತಿದ್ದೆ.